‘ಬಿಡಿ’ ಎನ್ನುವವರೆಗೆ

ಜೂನ್ 3, ಸೋಮವಾರ

ಸೇರಿಬಿಟ್ಟೆ. ಯೋಗ ಶಿಕ್ಷಕರ ತರಬೇತಿಗೆ ಅರ್ಜಿ ತುಂಬಿ, ಫೋಟೊ ಅಂಟಿಸಿ, ಸಹಿ ಹಾಕಿ ಬಂದೆ. ಮೂರು ತಿಂಗಳು, ದಿನಾ ಬೆಳಗ್ಗೆ ಆರರಿಂದ ಎಂಟು, ಭಾನುವಾರ ಮಧ್ಯಾಹ್ನದ ತನಕ. ಅಲ್ಲಿಂದ ಕನ್ನಡಕದ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಎಂದಿನಂತೆ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು. ಅರ್ಜಿಯಲ್ಲಿ ‘ತೊಂದರೆಗಳೇನಾದರೂ ಇದ್ದರೆ ತಿಳಿಸಿ’ ಎಂದಿತ್ತು. ‘ಇಲ್ಲ’ ಎಂದು ಬರೆದೆ. ಉಗ್ಗು ಕಾಯಿಲೆಯಲ್ಲವಲ್ಲ.

ಆರು ವರ್ಷದಿಂದ ಟೀಚರ್ ತರಗತಿಯಲ್ಲಿ ಹಿಂದಿನ ಸಾಲಿನ ಗೋಡೆ ಪಕ್ಕದ ಚಾಪೆ ನನ್ನದು. ಅಲ್ಲಿ ಮಾತಿನ ಅಗತ್ಯವೇ ಬೀಳುವುದಿಲ್ಲ. ತಲೆಯಾಡಿಸಿದರೆ ಸಾಕು, ನಕ್ಕರೆ ಇನ್ನೂ ಒಳ್ಳೆಯದು. ಟೀಚರ್ ನನ್ನನ್ನು ಮಿತಭಾಷಿ ಎಂದುಕೊಂಡಿದ್ದಾರೆ. ಅವರ ಮಂಡಿ ಈಗ ಮೊದಲಿನಂತಿಲ್ಲ. ಹಿರಿಯರ ಬೆಳಗಿನ ತರಗತಿಯನ್ನು ಯಾರಿಗಾದರೂ ಒಪ್ಪಿಸಬೇಕು, ನೀನು ತರಬೇತಿ ಮುಗಿಸಿದರೆ ಅದು ನಿನಗೇ ಎಂದರು. ನನಗೆ ಆ ತರಗತಿ ಬೇಕು. ಬಾಯಿಬಿಟ್ಟು ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಬೇಕು.

ಕೊನೆಯಲ್ಲಿ ಪರೀಕ್ಷೆಯಿದೆ. ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ಜೊತೆಯ ಹನ್ನೊಂದು ಜನರಿಗೆ ಒಂದು ಗಂಟೆ ಪಾಠ ಮಾಡಬೇಕು, ಅದೂ ಬರೀ ಮಾತಿನಲ್ಲಿ. ಮಾಡಿ ತೋರಿಸುವಂತಿಲ್ಲ. ಬೋರಲು ಮಲಗಿ ಕಣ್ಣು ಮುಚ್ಚಿದವರಿಗೆ ನಾವು ತೋರಿಸಿದ್ದು ಕಾಣುವುದಿಲ್ಲವಂತೆ. ನನ್ನ ಹಣೆಬರಹ.

ಅಕ್ಕನಿಗೆ ಹೇಳಿದೆ. ಅವಳ ಮನೆಯ ಮಹಡಿ ಕೋಣೆಯಲ್ಲಿ ನಾನಿರುವುದರಿಂದ ಹೇಳದೆ ವಿಧಿಯಿಲ್ಲ. ‘ನಾನು ಯೋಗ ಪ... ಪ...’ ಎನ್ನುವಷ್ಟರಲ್ಲಿ ಅವಳೇ ‘ಪರೀಕ್ಷೆ ಕಟ್ಟಿದೀಯಾ’ ಎಂದು ಮುಗಿಸಿದಳು. ನಾನು ಹೇಳಹೊರಟಿದ್ದು ಪಾಠ ಮಾಡುತ್ತೇನೆ ಎಂದು. ಮೂವತ್ತು ವರ್ಷದಿಂದ ಅವಳು ನನ್ನ ಮಾತು ಮುಗಿಸುತ್ತಿದ್ದಾಳೆ. ಹತ್ತರಲ್ಲಿ ನಾಲ್ಕು ಸಲ ತಪ್ಪುತ್ತಾಳೆ. ತಿದ್ದುವುದಕ್ಕಿಂತ ಹೂಂ ಎನ್ನುವುದು ಸುಲಭ. ಹಾಗೆ ಹೂಂ ಎಂದೇ ನಾನು ಎರಡು ಚಳಿಗಾಲ ನೇರಳೆ ಬಣ್ಣದ ಸ್ವೆಟರ್ ಹಾಕಿಕೊಂಡು ತಿರುಗಿದ್ದೇನೆ.

ಇವತ್ತು ಮಾತು ಸಿಕ್ಕಿಕೊಂಡದ್ದು: ಹತ್ತೊಂಬತ್ತು ಸಲ.

ಜೂನ್ 9, ಭಾನುವಾರ

ಟೀಚರ್ ಒಬ್ಬೊಬ್ಬರನ್ನೇ ಒಳಗೆ ಕರೆದು ಕಿವಿಯಲ್ಲಿ ಮಂತ್ರ ಹೇಳಿದರು. ಏನೆಂದು ಇಲ್ಲಿ ಬರೆಯುವುದಿಲ್ಲ, ಯಾರಿಗೂ ಹೇಳಬಾರದಂತೆ. ಮಾತನ್ನು ಹೊರಗೆ ಬಿಡದೆ ಕಾಯುವುದರಲ್ಲಿ ನಾನು ಪಳಗಿದವಳು.

ಈಗ ನನ್ನ ಗುಟ್ಟು ಬರೆದಿಡುತ್ತೇನೆ. ಮಂತ್ರ ಹೇಳುವಾಗ ನಾನು ಉಗ್ಗುವುದಿಲ್ಲ. ಗುಂಪಿನಲ್ಲಿ ಹೇಳಲಿ, ಒಬ್ಬಳೇ ಹೇಳಲಿ, ಒಂದು ಅಕ್ಷರವೂ ನಿಲ್ಲುವುದಿಲ್ಲ. ಈ ಹೊಸ ಮಂತ್ರದ ನಡುವೆ ಒಂದು ‘ಪ’ ಇದೆ, ನನ್ನ ಹಳೇ ವೈರಿ. ಅದೂ ಬೆಣ್ಣೆಯಿಂದ ಕೂದಲು ತೆಗೆದಂತೆ ಬರುತ್ತದೆ. ನಾನು ತರಬೇತಿಗೆ ಸೇರುವ ಧೈರ್ಯ ಮಾಡಿದ್ದೇ ಇದನ್ನು ನಂಬಿ. ದಿನಕ್ಕೆ ನಾಲ್ಕು ಮಾಲೆ ಗಟ್ಟಿಯಾಗಿ ಜಪ ಮಾಡಿದರೆ ಮೂರು ತಿಂಗಳಲ್ಲಿ ನಾಲಿಗೆ ನೆಟ್ಟಗಾಗದೆ ಎಲ್ಲಿ ಹೋಗುತ್ತದೆ? ಮಹಡಿಯಲ್ಲಿ ಶುರುಮಾಡಿದ್ದೇನೆ. ಭಾವ ಕೆಳಗಿನಿಂದ, ಮೇಲೆ ಜೇನುಗೂಡು ಕಟ್ಟಿದೆಯಾ ಎಂದು ಕೇಳಿದರಂತೆ.

ಬಸ್ಸಿನಲ್ಲಿ ಮಾತ್ರ ಹಳೇ ಕತೆ. ನಮ್ಮ ನಿಲ್ದಾಣದ ಹೆಸರು ‘ಪ’ದಿಂದ ಶುರುವಾಗುತ್ತದೆ. ಹಾಗಾಗಿ ಅದರ ಹಿಂದಿನ ನಿಲ್ದಾಣಕ್ಕೆ ಟಿಕೆಟ್ ಕೇಳಿ, ಅಲ್ಲೇ ಇಳಿದು, ಹದಿನೈದು ನಿಮಿಷ ನಡೆಯುತ್ತೇನೆ. ವ್ಯಾಯಾಮವಾಗುತ್ತದೆ ಎಂದು ಎಲ್ಲರಿಗೂ ಹೇಳಿದ್ದೇನೆ.

ಸಿಕ್ಕಿಕೊಂಡದ್ದು: ಹದಿನಾರು.

ಜೂನ್ 23, ಭಾನುವಾರ

ಬರೆಯಲು ಮನಸ್ಸಿಲ್ಲ, ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಇವತ್ತು ಪಾಠ ಮಾಡುವ ಅಭ್ಯಾಸ ಶುರುವಾಯಿತು. ತಲಾ ಹತ್ತು ನಿಮಿಷ, ಉಳಿದವರೇ ಶಿಷ್ಯರು. ಮೊದಲು ನರ್ಸ್ ಮಾಡಿದಳು, ಇಂಜೆಕ್ಷನ್ ಕೊಡುವವರ ಹಾಗೆ, ಏನೂ ಆಗಲ್ಲ ಏನೂ ಆಗಲ್ಲ ಎಂದುಕೊಂಡು. ಆಮೇಲೆ ಬೆನ್ನು ಹೇಗೆ ಬೇಕಾದರೂ ಬಗ್ಗಿಸುವ ಹುಡುಗಿ; ಅವಳಿಗೆ ರಬ್ಬರ್ ಎಂದೇ ಹೆಸರಿಟ್ಟಿದ್ದೇವೆ. ಮೂರನೆಯವಳು ನಾನು.

ಶುರುವಿನ ಎರಡು ಮಾತು ಬಂದವು. ಕೈ ಮೇಲೆತ್ತಿ ಎಂದೆ. ಉಸಿರು ತೆಗೆದುಕೊಳ್ಳಿ ಎಂದೆ. ಹನ್ನೊಂದು ಜನ ಕೈ ಮೇಲೆತ್ತಿ ಎದೆ ತುಂಬ ಉಸಿರು ತೆಗೆದುಕೊಂಡರು. ಆಮೇಲೆ ‘ಉಸಿರು ಬಿಡಿ’ ಎನ್ನಬೇಕು. ‘ಬ’ ಬರಲಿಲ್ಲ. ತುಟಿ ಅಂಟಿಕೊಂಡಿತು. ‘ಉಸಿರು ಹೊರಗೆ’ ಎಂದಿದ್ದರೂ ನಡೆಯುತ್ತಿತ್ತು. ಅದು ಹೊಳೆದದ್ದು ಮನೆಗೆ ಬಂದ ಮೇಲೆ.

ಬಿಡಲು ನಾನು ಹೇಳಿಲ್ಲವಲ್ಲ, ಪಾಪ, ಯಾರೂ ಬಿಡಲಿಲ್ಲ. ಎಲ್ಲರೂ ಒಳ್ಳೆಯ ಶಿಷ್ಯರು. ಕೈ ಮೇಲಿದೆ, ಉಸಿರು ಒಳಗಿದೆ, ಹನ್ನೊಂದು ಜೊತೆ ಕಣ್ಣು ನನ್ನ ಬಾಯಿಯ ಮೇಲಿದೆ. ನಿವೃತ್ತ ಗಣಿತದ ಮೇಷ್ಟ್ರ ಕಿವಿ ಕೆಂಪಾಯಿತು, ಆಮೇಲೆ ಮೂಗು. ರಬ್ಬರ್ ಅಲ್ಲಾಡತೊಡಗಿದಳು. ಕೊನೆಗೆ ಮೇಷ್ಟ್ರು ಟೈರಿನ ಗಾಳಿ ಹೋದಂತೆ ಭುಸ್ ಎಂದು ಬಿಟ್ಟು, ಕೆಮ್ಮಿ, ಚಾಪೆಯ ಮೇಲೆ ಕೂತುಬಿಟ್ಟರು. ನರ್ಸ್ ಓಡಿಹೋಗಿ ಅವರ ನಾಡಿ ಹಿಡಿದಳು. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಮೇಷ್ಟ್ರೂ ಸಹ. ನನಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಚಾಪೆ ಕೂಡ ಸುತ್ತದೆ ಓಡಿಬಂದೆ. ಬಸ್ಸಿನಲ್ಲಿ ಕೂತ ಮೇಲೆ ನೋಡಿದರೆ ಕಾಲಿನಲ್ಲಿರುವುದು ನನ್ನ ಚಪ್ಪಲಿಯಲ್ಲ.

ಲೆಕ್ಕ ಬೇಡ ಇವತ್ತು. ಒಂದೇ ಸಲ, ಆದರೆ ನೂರಕ್ಕೆ ಸಮ.

ಜೂನ್ 24, ಸೋಮವಾರ

ಹೋಗಲಿಲ್ಲ. ಅಕ್ಕ ಟೀಚರ್‌ಗೆ ಫೋನು ಮಾಡಿ ನನಗೆ ಜ್ವರ ಎಂದಳು. ಸಿಕ್ಕಿಕೊಂಡದ್ದು: ಸೊನ್ನೆ. ಬಾಯಿ ತೆರೆಯದಿದ್ದರೆ ಸೊನ್ನೆಯಲ್ಲದೆ ಇನ್ನೇನು.

ಜೂನ್ 26, ಬುಧವಾರ

ಗಾಜು ಉಜ್ಜುವ ಕಲ್ಲಿನ ಮುಂದೆ ಕೂತಿದ್ದೆ. ನೀರು ಚಿಮ್ಮುತ್ತಿತ್ತು, ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ. ತಲೆಯೆತ್ತಿದರೆ ಟೀಚರ್. ಅವರ ಹಿಮ್ಮಡಿ ನನ್ನ ಚಪ್ಪಲಿಯಿಂದ ಎರಡು ಬೆರಳು ಹೊರಗಿತ್ತು. ನಾನು ಹಾಕಿಕೊಂಡು ಓಡಿದ್ದು ಅವರದನ್ನು.

ಚಪ್ಪಲಿ ಬದಲಾಯಿಸಿಕೊಂಡೆವು. ಹೋಗುತ್ತಾರೆಂದುಕೊಂಡರೆ ಮುರಿದ ಫ್ರೇಮುಗಳ ಡಬ್ಬ ಸರಿಸಿ ಸ್ಟೂಲಿನ ಮೇಲೆ ಕೂತರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಚಿಕ್ಕಂದಿನಿಂದ ಇದೆಯಾ ಎಂದು ಮಾತ್ರ ಕೇಳಿದರು. ತಲೆಯಾಡಿಸಿದೆ. ಯಾವ ಯಾವ ಅಕ್ಷರ ಎಂದರು. ಯಾರೂ ಯಾವತ್ತೂ ಕೇಳಿರಲಿಲ್ಲ. ಬರೆದು ತೋರಿಸಿದೆ. ಬೇರೆ ಪದ ಹುಡುಕುವುದು, ಬಸ್ ನಿಲ್ದಾಣ, ಜಪದ ಲೆಕ್ಕಾಚಾರ, ಎಲ್ಲ ಹೇಳಿದೆ. ಅರ್ಧ ಬಾಯಲ್ಲಿ, ಅರ್ಧ ಬಿಲ್ಲಿನ ಹಿಂಬದಿಯಲ್ಲಿ. ಅವರು ಎಲ್ಲಿಯೂ ಮಾತು ಮುಗಿಸಿಕೊಡಲಿಲ್ಲ.

‘ಆರು ವರ್ಷ ನನ್ನ ಕಣ್ಣೆದುರಿಗೇ ಇದ್ದೆ, ನನಗೆ ಗೊತ್ತೇ ಆಗಲಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿಟ್ಟಿದೀಯ. ಎಷ್ಟು ಸುಸ್ತಾಗಿದೆಯೋ ನಿನಗೆ’ ಎಂದರು.

ಸುಸ್ತು. ಅದೇ ಪದ. ಅಂಗಡಿ ಯಜಮಾನರು ಒಳಗೆ ಬಂದು, ಕಣ್ಣಿಗೆ ಗಾಜಿನ ಪುಡಿ ಬಿತ್ತಾ ಎಂದು ಕೇಳುವಷ್ಟು ಅತ್ತೆ.

ಹೋಗುವಾಗ ಟೀಚರ್ ಎರಡು ಮಾತು ಹೇಳಿದರು. ಒಂದು, ನಾಳೆ ಬರಬೇಕು. ಎರಡು, ಇನ್ನು ಮೇಲೆ ಗಟ್ಟಿಯಾಗಿ ಜಪ ಮಾಡುವಂತಿಲ್ಲ. ತುಟಿ, ನಾಲಿಗೆ ಅಲ್ಲಾಡಬಾರದು, ಮನಸ್ಸಿನಲ್ಲೇ ನಡೆಯಬೇಕು. ನನಗೆ ಸಲೀಸಾಗಿ ಬರುತ್ತಿದ್ದುದೇ ಅದೊಂದು, ಅದನ್ನೂ ಕಿತ್ತುಕೊಂಡರು. ಸಿಟ್ಟು ಬಂದಿದೆ.

ಸಿಕ್ಕಿಕೊಂಡದ್ದು: ಮೂವತ್ತೊಂದು. ದಾಖಲೆ.

ಜುಲೈ 7, ಭಾನುವಾರ

ಮನಸ್ಸಿನಲ್ಲಿ ಜಪ ಮಾಡುವುದು ಕಪ್ಪೆ ತೂಗಿದ ಹಾಗೆ. ಮೊದಲ ವಾರ ನಾಲ್ಕು ಮಣಿ ದಾಟುವುದರೊಳಗೆ ಮನಸ್ಸು ಪೇಟೆಗೆ ಹೋಗಿರುತ್ತಿತ್ತು. ಮೇಷ್ಟ್ರು ತಮಗೂ ಹಾಗೇ ಎಂದರು. ಅವರು ಮಂತ್ರದ ನಡುವೆ ಹದಿಮೂರರ ಮಗ್ಗಿ ಹೇಳಿಕೊಳ್ಳುತ್ತಾರಂತೆ. ಆ ಭಾನುವಾರದ ಬಗ್ಗೆ ಕ್ಷಮೆ ಕೇಳಿದೆ. ನಲವತ್ತು ವರ್ಷದಲ್ಲಿ ಹುಡುಗರು ಯಾರೂ ತಮ್ಮ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ, ಆದ್ದರಿಂದ ತಾವಾದರೂ ಕೇಳೋಣ ಎಂದು ಉಸಿರು ಹಿಡಿದದ್ದಂತೆ.

ಇವತ್ತು ಒಂದು ವಿಚಿತ್ರ ನಡೆಯಿತು. ಜಪಕ್ಕೆ ಕೂತಿದ್ದೆ. ಮನಸ್ಸು ಮೆಲ್ಲಗೆ ಜಾರಿ ನಾಳೆಯ ಬಸ್ಸಿನಲ್ಲಿ ಟಿಕೆಟ್ ಕೇಳಲು ಹೋಯಿತು. ಅಷ್ಟೇ. ಕಂಡಕ್ಟರ್ ಇಲ್ಲ, ಬಸ್ಸಿಲ್ಲ, ಆದರೂ ದವಡೆ ಬಿಗಿಯಿತು, ಹೊಟ್ಟೆ ಕಲ್ಲಾಯಿತು, ಉಸಿರು ನಿಂತಿತು. ಆಡದ ಮಾತಿಗೆ, ಇನ್ನೂ ಬಾರದ ಸೋಮವಾರಕ್ಕೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವುದು ಎಂದರೆ ಇದೇ. ಮತ್ತೆ ಮಂತ್ರಕ್ಕೆ ಬಂದೆ, ದವಡೆ ಸಡಿಲವಾಯಿತು. ಮತ್ತೆ ಹೋಯಿತು, ಮತ್ತೆ ಬಿಗಿಯಿತು. ಮೇಷ್ಟ್ರು ಅರ್ಧ ನಿಮಿಷ ಉಸಿರು ಹಿಡಿದದ್ದಕ್ಕೆ ನರ್ಸ್ ಅವರ ನಾಡಿ ನೋಡಿದಳು. ನಾನು ಎಷ್ಟು ವರ್ಷದಿಂದ ಹಿಡಿದುಕೊಂಡಿದ್ದೇನೋ.

ಸಿಕ್ಕಿಕೊಂಡದ್ದು: ಹದಿನಾಲ್ಕು. ಹದಿಮೂರೋ.

ಜುಲೈ 14, ಭಾನುವಾರ

ಬುದ್ಧಿ ಓಡಿಸಿದೆ. ಮಂತ್ರದಲ್ಲಿ ಸಿಕ್ಕಿಕೊಳ್ಳುವುದಿಲ್ಲ ಎಂದ ಮೇಲೆ, ಪಾಠವನ್ನೂ ಮಂತ್ರದ ಧಾಟಿಯಲ್ಲೇ ಹೇಳಿದರಾಯಿತು. ‘ಬಲಗಾಲನ್ನೂ ಮೇಲಕ್ಕೇ ಎತ್ತೀ’ ಎಂದು ರಾಗವಾಗಿ ಎಳೆದೆ. ಒಂದು ಅಕ್ಷರವೂ ನಿಲ್ಲಲಿಲ್ಲ. ಆದರೆ ರಬ್ಬರ್ ಕಾಲೆತ್ತಿಕೊಂಡೇ ನಗುತ್ತಾ ಉರುಳಿಬಿದ್ದಳು. ತನ್ನನ್ನು ಚಟ್ಟಕ್ಕೆ ಏರಿಸುತ್ತಿದ್ದಾರೇನೋ ಅನ್ನಿಸಿತು ಎಂದಳು ನರ್ಸ್. ಈ ಸಲ ನಾನೂ ನಕ್ಕೆ. ತಡೆಯಲಾಗಲಿಲ್ಲ.

ಟೀಚರ್ ನಗಲಿಲ್ಲ. ಹಾಡಿನ ಹಿಂದೆ ಅಡಗಿಕೊಂಡರೆ ಇನ್ನೊಂದು ಗೋಡೆ ಪಕ್ಕದ ಚಾಪೆ ಸಿಕ್ಕಂತಾಯಿತು, ಅಷ್ಟೇ ಎಂದರು. ಹಿರಿಯರಿಗೆ ನೀನು ಬೇಕು, ನಿನ್ನ ರಾಗ ಬೇಡ ಎಂದೂ ಸೇರಿಸಿದರು. ಅವರ ಮೇಲೆ ಸಿಟ್ಟು ಬರುವುದು ಈಗ ಅಭ್ಯಾಸವಾಗಿದೆ. ಆ ಸಿಟ್ಟು ಸಂಜೆಯೊಳಗೆ ಇಳಿಯುತ್ತದೆ.

ಜುಲೈ 30, ಮಂಗಳವಾರ

ಯಜಮಾನರು ಊಟಕ್ಕೆ ಹೋಗಿದ್ದಾಗ ಒಬ್ಬ ಅಜ್ಜಿ ಬಂದರು. ಹೊಸ ಕನ್ನಡಕ ಮೂಗಿನ ಮೇಲೆ ನಿಲ್ಲುವುದಿಲ್ಲ, ಕೈ ತೊಳೆಯಲು ಬಗ್ಗಿದರೆ ತೊಟ್ಟಿಗೆ ಬೀಳುತ್ತದೆ. ಅದನ್ನು ಸರಿಮಾಡಿ, ಕಿವಿಯ ಹಿಂದೆ ಬಾಗಿಸಿ, ನೇರ ಕೂರಿಸಿದೆ. ಆಮೇಲೆ ಅವರ ಕತ್ತು ನೋಡಿದರೆ, ಕನ್ನಡಕ ಬೀಳುತ್ತದೆಂದು ಗಲ್ಲ ಎತ್ತಿ ಎತ್ತಿ ಹಿಡಿದು ಸೆಟೆದುಕೊಂಡಿದೆ. ಭುಜ ಹೇಗೆ ಇಳಿಬಿಡಬೇಕು, ಕತ್ತು ಹೇಗೆ ತಿರುಗಿಸಬೇಕು ಎಂದು ಹೇಳಿಕೊಟ್ಟೆ. ಅವರ ಸೊಸೆಯ ಸಮಾಚಾರ, ನನ್ನ ತರಬೇತಿಯ ಸಮಾಚಾರ, ಹೀಗೆ ಅರ್ಧ ಗಂಟೆ ಹೋಯಿತು. ಯಜಮಾನರು ಬಂದು ಇದೇನು ಆಸ್ಪತ್ರೆಯಾ ಎಂದರು. ಉಜ್ಜಬೇಕಾದ ಗಾಜು ಹಾಗೇ ಉಳಿಯಿತು, ನಾಳೆ ಬೇಗ ಹೋಗಬೇಕು.

ಕಾಲು ನೋಯುತ್ತಿತ್ತು, ನಮ್ಮ ನಿಲ್ದಾಣಕ್ಕೇ ಟಿಕೆಟ್ ಕೇಳಿ ಇಳಿದೆ. ಮನೆಗೆ ಬಂದಾಗ ಇನ್ನೂ ಬೆಳಕಿತ್ತು.

ಆಗಸ್ಟ್ 4, ಭಾನುವಾರ

ಅಕ್ಕನ ಜೊತೆ ಜಗಳ. ಊಟಕ್ಕೆ ಭಾವನ ಗೆಳೆಯರೊಬ್ಬರು ಬಂದಿದ್ದರು. ಎಲ್ಲಿ ಕೆಲಸ ಎಂದು ನನ್ನನ್ನು ಕೇಳಿದರು. ‘ಕ’ ಎಂದೆ, ನಿಂತಿತು. ಅಕ್ಕ ಪಲ್ಯದ ಸೌಟು ಹಿಡಿದುಕೊಂಡೇ ‘ಕನ್ನಡಕದ ಅಂಗಡಿ’ ಎಂದಳು. ಯೋಗವನ್ನೂ ಕಲಿಯುತ್ತೀರಂತಲ್ಲ ಎಂದರು. ಅಕ್ಕ ‘ಹೂಂ, ಸುಮ್ನೆ ಟೈಂಪಾಸಿಗೆ’ ಎಂದಳು. ನಾನು ಅದಕ್ಕಿನ್ನೂ ಬಾಯಿಯನ್ನೇ ತೆರೆದಿರಲಿಲ್ಲ.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಹೇಳಿದೆ: ‘ಅಕ್ಕಾ, ನನ್ನ ಮಾತು ನನಗೆ ಬಿಡು. ತಪ್ಪಾದ್ರೂ ನಾನೇ ಆಡ್ತೀನಿ, ತಡ ಆದ್ರೂ ನಾನೇ ಆಡ್ತೀನಿ.’ ಅವಳ ಮುಖ ಸಣ್ಣದಾಯಿತು. ‘ಇಷ್ಟು ವರ್ಷ ನಿನಗೆ ಬಾಯಾಗಿದ್ದಕ್ಕೆ ಇದಾ?’ ಎಂದಳು. ಪಾತ್ರೆ ಕುಕ್ಕಿದಳು. ನನಗೆ ತುಂಬ ಸಂಕಟವಾಯಿತು. ಹೇಳಿದ್ದು ತಪ್ಪು ಅನ್ನಿಸಲಿಲ್ಲ, ಸಂಕಟವಾಯಿತು.

ಆಗಸ್ಟ್ 7, ಬುಧವಾರ

ಅಕ್ಕ ಮಾತಾಡುತ್ತಿಲ್ಲ. ಊಟದ ತಟ್ಟೆ ಮಾತ್ರ ಮಹಡಿಯ ಮೆಟ್ಟಿಲ ಮೇಲಿರುತ್ತದೆ. ಜಪದಲ್ಲಿ ಮಂತ್ರಕ್ಕಿಂತ ಅವಳ ಮುಖವೇ ಹೆಚ್ಚು ಬರುತ್ತದೆ. ಬರಲಿ ಎಂದು ಬಿಟ್ಟಿದ್ದೇನೆ.

ಆಗಸ್ಟ್ 11, ಭಾನುವಾರ

ಇವತ್ತು ಇಪ್ಪತ್ತು ನಿಮಿಷದ ಪಾಠ. ರಾತ್ರಿಯೆಲ್ಲ ‘ಬಿಡಿ’ಗೆ ಬದಲಿ ಪದ ಹುಡುಕಿ ಪಟ್ಟಿ ಮಾಡಿದ್ದೆ. ಬೆಳಗ್ಗೆ ಆ ಚೀಟಿ ಹಿಡಿದುಕೊಂಡೇ ಮುಂದೆ ನಿಂತೆ. ಹನ್ನೊಂದು ಜನ ಕೈ ಕಟ್ಟಿ ಕಾಯುತ್ತಿದ್ದರು. ಮೇಷ್ಟ್ರು ಮುಂಜಾಗ್ರತೆಗೆ ಎಂಬಂತೆ ಒಂದು ದೊಡ್ಡ ಉಸಿರು ತೆಗೆದುಕೊಂಡರು. ಅದನ್ನು ನೋಡಿದೆ, ಏನಾಯಿತೋ, ಚೀಟಿಯನ್ನು ಕಿಟಕಿಯ ಮೇಲಿಟ್ಟೆ.

‘ನನಗೆ ಉಗ್ಗು ಇದೆ. ಕೆಲವು ಮಾತು ತಡವಾಗಿ ಬರುತ್ತೆ. ನನ್ನ ಮಾತಿಗೆ ನಿಮ್ಮ ಉಸಿರು ಕಾಯೋದು ಬೇಡ. ತುಂಬಿದಾಗ ಬಿಟ್ಟುಬಿಡಿ, ನಾನು ಹಿಂದಿನಿಂದ ಬರ್ತೀನಿ’ ಎಂದೆ.

ಇಷ್ಟು ಹೇಳುವುದರಲ್ಲಿ ಮೂರು ಕಡೆ ನಿಂತೆ. ಯಾರ ಮುಖದಲ್ಲೂ ಏನೂ ಆಗಲಿಲ್ಲ. ನರ್ಸ್ ಕೂದಲು ಗಂಟು ಹಾಕಿಕೊಳ್ಳುತ್ತಿದ್ದಳು. ರಬ್ಬರ್ ಆಕಳಿಸಿದಳು. ಮೇಷ್ಟ್ರು ‘ಸರಿ, ಒಳ್ಳೇದಾಯ್ತು’ ಎಂದು ಹಿಡಿದಿದ್ದ ಉಸಿರು ಬಿಟ್ಟರು. ಮೂವತ್ತು ವರ್ಷ ಬೀಗ ಹಾಕಿ ಕಾದ ಪೆಟ್ಟಿಗೆಯನ್ನು ತೆರೆದರೆ ಅದು ಜನರಿಗೆ ಇಷ್ಟು ಸಣ್ಣ ಸುದ್ದಿ. ಒಂದು ಕ್ಷಣ ಅವಮಾನವೇ ಆಯಿತು. ಆಮೇಲೆ ಹೊಟ್ಟೆಯೊಳಗಿನ ಕಲ್ಲು ಇಳಿಯಿತು. ಇಪ್ಪತ್ತು ನಿಮಿಷ ಮುಗಿದದ್ದೇ ತಿಳಿಯಲಿಲ್ಲ, ಟೀಚರ್ ಸಾಕು ಸಾಕು ಎಂದು ಗಡಿಯಾರ ತೋರಿಸಬೇಕಾಯಿತು.

ಆಗಸ್ಟ್ 29, ಗುರುವಾರ

ಪರೀಕ್ಷೆಗೆ ಮೂರು ದಿನ. ನರ್ಸ್‌ಗೆ ಆ ದಿನ ಡ್ಯೂಟಿ ಬಿತ್ತು, ಅವಳ ಪರೀಕ್ಷೆ ಮುಂದಿನ ವಾರ. ಹಾಗಾಗಿ ನನಗೆ ಹನ್ನೊಂದರಲ್ಲಿ ಒಬ್ಬ ಶಿಷ್ಯರು ಕಡಿಮೆ. ಈ ಮಾತನ್ನು ಭಾವನಿಗೆ ಹೇಳುತ್ತಿದ್ದೆ. ಅಕ್ಕ ಬಟ್ಟೆ ಮಡಿಸುತ್ತಾ, ನನ್ನತ್ತ ನೋಡದೆ, ‘ಚಾಪೆ ಮೇಲೆ ಮಲಗೋದು ತಾನೇ, ನಾನು ಬರ್ತೀನಿ’ ಎಂದಳು. ಮೂರು ವಾರದ ಮೇಲೆ ಆಡಿದ ಮೊದಲ ನೆಟ್ಟನೆಯ ಮಾತು. ಖುಷಿಯಾಯಿತು. ಕೂಡಲೇ ಭಯವೂ ಆಯಿತು. ಪರೀಕ್ಷಕರೆದುರು ನಾನು ನಿಂತಾಗ ಇವಳು ಬಾಯಿ ಹಾಕಿದರೆ ನನ್ನ ಕತೆ ಅಲ್ಲಿಗೇ ಮುಗಿಯಿತು. ಆದರೂ ಬೇಡ ಎನ್ನಲಿಲ್ಲ.

ಸೆಪ್ಟೆಂಬರ್ 1, ಭಾನುವಾರ

ಪಾಸು. ಮೊದಲು ಅದನ್ನು ಬರೆದುಬಿಡುತ್ತೇನೆ.

ಪರೀಕ್ಷಕರು ಒಣಕಲು ಮನುಷ್ಯ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು, ಮುಖದಲ್ಲಿ ಏನನ್ನೂ ತೋರಿಸದೆ ಕೂತಿದ್ದರು. ಅಕ್ಕ ಎರಡನೇ ಸಾಲಿನಲ್ಲಿದ್ದಳು, ಭಾವನ ಪೈಜಾಮ ಹಾಕಿಕೊಂಡು. ಉಗ್ಗಿನ ಮಾತು ಮೊದಲೇ ಹೇಳಿ ಶುರುಮಾಡಿದೆ. ಪರೀಕ್ಷಕರು ಏನೋ ಬರೆದುಕೊಂಡರು. ಹದಿನೈದು ನಿಮಿಷ ಚೆನ್ನಾಗಿ ಹೋಯಿತು.

ಆಮೇಲೆ ಕೈ ಮೇಲೆ, ಉಸಿರು ಒಳಗೆ ಎಂದೆ. ‘ಉಸಿರು’ ಎಂದೆ. ‘ಬ’ ಬಂದು ಬಾಗಿಲಲ್ಲಿ ನಿಂತಿತು. ಹೊರಗೆ ಬರಲಿಲ್ಲ, ಒಳಗೆ ಹೋಗಲಿಲ್ಲ. ಬದಲಿ ಪದ ಹುಡುಕಲಿಲ್ಲ, ಅಲ್ಲೇ ನಿಂತೆ. ಅಕ್ಕನತ್ತ ನೋಡಬಾರದೆಂದುಕೊಂಡೇ ನೋಡಿದೆ. ಅವಳ ಬಾಯಿ ತೆರೆಯಿತು. ತುಟಿ ಕೂಡಿ ‘ಬ’ಕ್ಕೆ ಸಿದ್ಧವಾಯಿತು. ನನ್ನ ಪದ ಅವಳ ತುಟಿಯ ಮೇಲೆ ಕೂತಿರುವುದು ಕಂಡಿತು. ಆಮೇಲೆ ಅವಳು ಕಣ್ಣು ಮುಚ್ಚಿಕೊಂಡಳು. ಮೂಗಿನಿಂದ ನಿಧಾನವಾಗಿ ಉಸಿರು ಬಿಟ್ಟಳು. ಮೇಷ್ಟ್ರು ಬಿಟ್ಟರು, ರಬ್ಬರ್ ಬಿಟ್ಟಳು, ಹನ್ನೊಂದು ಜನರೂ ಬಿಟ್ಟು ಕೈ ಇಳಿಸಿದರು. ಎಲ್ಲರದೂ ಮುಗಿದ ಮೇಲೆ ನನ್ನ ‘ಬಿಡಿ’ ಬಂತು. ಸರಿ, ಮುಂದಕ್ಕೆ ಹೋದೆ.

ಕೊನೆಯಲ್ಲಿ ಪರೀಕ್ಷಕರು ಕರೆದು ಹಲಗೆಯ ಕಾಗದ ಓದಿದರು. ಸೂಚನೆಗಳು ಸ್ಪಷ್ಟ, ಗತಿ ಹಿರಿಯರಿಗೆ ಸೂಕ್ತ. ಒಂದು ದೋಷ: ಎಡ ಬಲ ನಾಲ್ಕು ಸಲ ತಪ್ಪು. ನಾನು ಶಿಷ್ಯರಿಗೆ ಎದುರಾಗಿ ನಿಂತಿದ್ದೆನಲ್ಲ, ನನ್ನ ಬಲ ಅವರ ಎಡ ಎನ್ನುವುದು ತಲೆಗೇ ಬಂದಿಲ್ಲ. ಅರ್ಧ ಜನ ನನ್ನ ಮಾತು ಕೇಳಿ ಒಂದು ಕಡೆ, ಅರ್ಧ ಜನ ಅಂದಾಜಿನ ಮೇಲೆ ಇನ್ನೊಂದು ಕಡೆ ತಿರುಗಿ, ಮೇಷ್ಟ್ರು ಮತ್ತು ರಬ್ಬರ್ ಮೂಗಿಗೆ ಮೂಗು ತಾಗುವಂತೆ ನಿಂತಿದ್ದರಂತೆ. ‘ಅದೊಂದು ನೋಡ್ಕೊಳ್ಳಿ’ ಎಂದರು. ಅಷ್ಟೇ. ಉಗ್ಗಿನ ವಿಷಯ ಎತ್ತಲೇ ಇಲ್ಲ. ಹಿರಿಯರ ತರಗತಿ ಮುಂದಿನ ಸೋಮವಾರದಿಂದ ಎಂದರು ಟೀಚರ್.

ವಾಪಸು ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು.  ನನ್ನತ್ತ ತಿರುಗಿ ಹೇಳಿದಳು: ‘ಬಾಯಿಗೇ ಬಂದಿತ್ತು ಕಣೇ. ಕಚ್ಚಿ ಹಿಡಿದೆ. ಎಷ್ಟು ಕಷ್ಟ ಆಯ್ತು ಗೊತ್ತಾ? ಇಷ್ಟು ವರ್ಷ ನಿನಗೋಸ್ಕರ ಹೇಳ್ತಿದೀನಿ ಅಂದ್ಕೊಂಡಿದ್ದೆ. ಅಲ್ಲ. ನನಗೇ ಕಾಯೋಕೆ ಆಗ್ತಿರಲಿಲ್ಲ.’

ಅವಳ ಕಣ್ಣಿನಲ್ಲಿ ನೀರಿತ್ತು. ಪರವಾಗಿಲ್ಲ ಎಂದು ಹೇಳಬೇಕಿತ್ತು ನನಗೆ. ‘ಪ’ ಎಂದೆ. ನಿಂತಿತು. ಹೋಗಲಿ ಬಿಡು ಎಂದು ಬದಲಾಯಿಸಬಹುದಿತ್ತು, ಕೈ ಹಿಡಿದು ಸುಮ್ಮನಾಗಬಹುದಿತ್ತು. ಆದರೆ ನನಗೆ ಅದೇ ಮಾತು ಬೇಕಿತ್ತು. ಬಸ್ಸು ಸಿಗ್ನಲಿನಲ್ಲಿ ನಿಂತಿತು, ಮತ್ತೆ ಹೊರಟಿತು. ಅಕ್ಕ ನನ್ನ ಮುಖವನ್ನೇ ನೋಡುತ್ತಾ ಕಾದಳು.

ಹೇಳಿದೆ.